ಭಾನುವಾರದ ಆರಾಧನೆಯಲ್ಲಿ ಮಕ್ಕಳಿಗೂ ಯುವಜನರಿಗೂ ಪಾಲು: ಕನ್ನಡ ಸಭೆಗಳಿಗೊಂದು ಮಾರ್ಗದರ್ಶಿ

ವರ್ಷಕ್ಕೊಮ್ಮೆ ಮಕ್ಕಳ ಭಾನುವಾರ ಬರುತ್ತದೆ. ಅಂದು ಮಕ್ಕಳು ಸಾಲಾಗಿ ನಿಂತು ಎರಡು ಹಾಡು ಹಾಡುತ್ತಾರೆ, ಬಾಯಿಪಾಠ ಮಾಡಿದ ವಾಕ್ಯಗಳನ್ನು ಒಪ್ಪಿಸುತ್ತಾರೆ, ತಂದೆತಾಯಂದಿರು ಮೊಬೈಲ್ ಎತ್ತಿ ಹಿಡಿದು ಚಿತ್ರ ತೆಗೆಯುತ್ತಾರೆ, ಕೊನೆಗೆ ಎಲ್ಲರಿಗೂ ಒಂದೊಂದು ಬಹುಮಾನ ಸಿಗುತ್ತದೆ. ಉಳಿದ ಭಾನುವಾರಗಳಲ್ಲಿ ಅದೇ ಮಕ್ಕಳು ಒಂದೋ ಆರಾಧನೆಗೆ ಮುಂಚೆಯೇ ಸಂಡೇ ಸ್ಕೂಲ್ ಮುಗಿಸಿ ಮನೆ ಸೇರಿರುತ್ತಾರೆ, ಇಲ್ಲವೇ ಮೊದಲ ಹಾಡು ಮುಗಿದೊಡನೆ ಹಿಂಬದಿಯ ಕೋಣೆಗೆ ನಡೆಯುತ್ತಾರೆ. ಹೀಗೆ ಹತ್ತು ಹನ್ನೆರಡು ವರ್ಷ ಆರಾಧನೆಯ ಹೊರಗೇ ಬೆಳೆದವರು ದೃಢೀಕರಣ, ಅಂದರೆ ತಮ್ಮ ನಂಬಿಕೆಯನ್ನು ತಾವೇ ಅರಿಕೆಮಾಡುವ ವಿಧಿ, ಮುಗಿದ ಮರುವಾರದಿಂದ ಎರಡು ಗಂಟೆಯ ಆರಾಧನೆಯಲ್ಲಿ ಭಕ್ತಿಯಿಂದ ಕುಳಿತುಕೊಳ್ಳಬೇಕೆಂದು ನಾವು ಬಯಸುತ್ತೇವೆ. ಅವರು ಬಾರದೆ ಹೋದಾಗ ಕಾಲ ಕೆಟ್ಟಿತೆಂದು ದೂರುತ್ತೇವೆ.

ಸಾಮಾನ್ಯ ಭಾನುವಾರದ ಸಾಮಾನ್ಯ ಆರಾಧನೆಯಲ್ಲೇ ಮಕ್ಕಳಿಗೆ ನಿಜವಾದ ಕೆಲಸ ಕೊಡುವುದು, ಆ ಕೆಲಸಕ್ಕೆ ಅವರನ್ನು ವಾರವಿಡೀ ಸಿದ್ಧಪಡಿಸುವುದು ಹೇಗೆಂದು ಈ ಲೇಖನದಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಮುಖ್ಯವಾಗಿ ದಕ್ಷಿಣ ಭಾರತ ಸಭೆಯ, ಅಂದರೆ ಸಿ.ಎಸ್.ಐ.ನ ಕನ್ನಡ ಸಭೆಗಳು ನನ್ನ ಮನಸ್ಸಿನಲ್ಲಿವೆ. ಮೆಥಡಿಸ್ಟ್ ಸಭೆಯವರೂ ಕಥೋಲಿಕ ಧರ್ಮಕೇಂದ್ರದವರೂ ತಮ್ಮ ಕ್ರಮಕ್ಕೆ ಹೊಂದುವಷ್ಟನ್ನು ತೆಗೆದುಕೊಳ್ಳಬಹುದು.

ಮೊದಲ ಹೆಜ್ಜೆ: ಆರಾಧನೆಯ ಕ್ರಮವನ್ನು ಎದುರಿಗಿಟ್ಟುಕೊಳ್ಳಿ

ಸಭಾಪಾಲಕರು, ಸಂಡೇ ಸ್ಕೂಲ್ ಶಿಕ್ಷಕರಲ್ಲಿ ಇಬ್ಬರು, ಯುವಜನ ಸಂಘದ ಒಬ್ಬರು, ಮೂವತ್ತು ವರ್ಷದಿಂದ ಅದೇ ಬೆಂಚಿನಲ್ಲಿ ಕೂರುತ್ತಿರುವ ಹಿರಿಯರೊಬ್ಬರು, ಇಷ್ಟು ಜನ ಒಂದು ಸಂಜೆ ಕುಳಿತು ಆರಾಧನಾ ಕ್ರಮವನ್ನು ಸಾಲುಸಾಲಾಗಿ ಓದಿ, ಪ್ರತಿಯೊಂದು ಭಾಗದ ಪಕ್ಕದಲ್ಲಿ ಈಗ ಅದನ್ನು ಮಾಡುತ್ತಿರುವವರು ಯಾರೆಂದು ಬರೆಯಬೇಕು. ಹಿರಿಯರನ್ನು ಸೇರಿಸಿಕೊಳ್ಳುವುದು ಮರ್ಯಾದೆಗಾಗಿ ಮಾತ್ರವಲ್ಲ. ಅವರು ಒಪ್ಪಿದ ಬದಲಾವಣೆಗೆ ಆಮೇಲೆ ಗೇಟಿನ ಬಳಿ ವಿರೋಧ ಹುಟ್ಟುವುದಿಲ್ಲ. ಪಟ್ಟಿ ಮುಗಿದಾಗ ಹೆಚ್ಚಿನ ಸಭೆಗಳಲ್ಲಿ ಮೂರು ನಾಲ್ಕು ಹೆಸರುಗಳೇ ಮತ್ತೆ ಮತ್ತೆ ಬಂದಿರುತ್ತವೆ.

ಸಿ.ಎಸ್.ಐ. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ಸಭೆ. 1950ರಲ್ಲಿ ಅದು ರೂಪಿಸಿಕೊಂಡ, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ಆರಾಧನಾ ಕ್ರಮ ಜಗತ್ತಿನ ಬೇರೆ ಸಭೆಗಳ ಗಮನವನ್ನೂ ಸೆಳೆಯಿತು. ಎಲ್ಲವನ್ನೂ ಬೋಧಕರೊಬ್ಬರೇ ನಡೆಸದೆ ಸಭೆ ಉತ್ತರ ಕೊಡುತ್ತಾ, ಪ್ರಾರ್ಥಿಸುತ್ತಾ, ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುತ್ತಾ ಪಾಲುಗೊಳ್ಳುವಂತೆ ಆ ಕ್ರಮವನ್ನು ಹೆಣೆಯಲಾಗಿತ್ತು. ಆದ್ದರಿಂದ ನಾವು ಹೊಸದಾಗಿ ಏನನ್ನೂ ತುರುಕಬೇಕಾಗಿಲ್ಲ. ಸತ್ಯವೇದವನ್ನು, ಅಂದರೆ ಬೈಬಲನ್ನು, ಎರಡೂ ಕೈಗಳಲ್ಲಿ ಹಿಡಿದು ಒಳತರುವುದು, ಅದರ ಹಳೇ ಒಡಂಬಡಿಕೆ, ಅಪೊಸ್ತಲರ ಪತ್ರಿಕೆ ಹಾಗೂ ಸುವಾರ್ತೆಯ ಪಾಠಗಳು, ಇತರರಿಗಾಗಿ ಬೇಡುವ ವಿಜ್ಞಾಪನೆಯ ಪ್ರಾರ್ಥನೆ, ಕಾಣಿಕೆ ತರುವುದು, ಇವೆಲ್ಲ ಆಗಲೇ ತೆರೆದಿರುವ ಬಾಗಿಲುಗಳು.

ಯಾರಾದರೂ ಇದಕ್ಕೆ ವೇದಾಧಾರ ಕೇಳಿದರೆ ಮೂರು ಸ್ಥಳ ಸಾಕು. ಐಗುಪ್ತದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದ ಆಚರಣೆಯಲ್ಲಿ ಇದೇನೆಂದು ಮಕ್ಕಳು ಕೇಳುವರೆಂದೂ ತಂದೆತಾಯಿಗಳು ಉತ್ತರ ಹೇಳಬೇಕೆಂದೂ ವಿಮೋಚನಕಾಂಡದ 12ನೇ ಅಧ್ಯಾಯ ಹೇಳುತ್ತದೆ. ಕೇಳಬೇಕಾದರೆ ಮಗು ಅಲ್ಲಿರಬೇಕಷ್ಟೆ. ಉಪವಾಸ ಕೂಟಕ್ಕೆ ಮೊಲೆಕೂಸುಗಳನ್ನೂ ಕರೆತರಬೇಕೆಂದು ಪ್ರವಾದಿ ಯೋವೇಲನ ಗ್ರಂಥದ 2ನೇ ಅಧ್ಯಾಯ ಅಪ್ಪಣೆ ಕೊಡುತ್ತದೆ. ದೇವಾಲಯದಲ್ಲಿ ಹೊಸನ್ನ ಎಂದು ಕೂಗಿದ ಮಕ್ಕಳ ಮೇಲೆ ಮಹಾಯಾಜಕರು ಸಿಟ್ಟಾದಾಗ ಯೇಸು ಯಾರ ಪಕ್ಷ ವಹಿಸಿದನೆಂಬುದು ಮತ್ತಾಯ 21ರಲ್ಲಿದೆ.

ಎರಡನೆಯ ಹೆಜ್ಜೆ: ಮಕ್ಕಳು ಯಾವಾಗ ಒಳಗಿರಬೇಕೆಂದು ನಿರ್ಧರಿಸಿ

ಸಂಡೇ ಸ್ಕೂಲ್ ಎಂಬ ಏರ್ಪಾಡು 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ನಡೆಸಿದ ಶಾಲೆಗಳಿಂದ ಹರಡಿದ್ದು. ವಾರವಿಡೀ ದುಡಿಯುತ್ತಿದ್ದ ಬಡಮಕ್ಕಳಿಗೆ ಭಾನುವಾರವಾದರೂ ಅಕ್ಷರ ಕಲಿಸಬೇಕೆಂಬುದು ಅದರ ಮೂಲ ಉದ್ದೇಶವಾಗಿತ್ತು. ಆರಾಧನೆಯ ಬದಲಿಗೆ ಮಕ್ಕಳನ್ನು ಇರಿಸುವ ಜಾಗವಾಗಿ ಅದನ್ನು ಯಾರೂ ಯೋಚಿಸಿರಲಿಲ್ಲ. ಹಾಗಾಗಿ ಸಂಡೇ ಸ್ಕೂಲಿಗೂ ಆರಾಧನೆಗೂ ಒಂದೇ ಗಂಟೆಯನ್ನು ಕೊಟ್ಟಿರುವ ಸಭೆಗಳು ಅದನ್ನು ಬಿಡಿಸುವುದು ಒಳ್ಳೆಯದು. ಸಂಡೇ ಸ್ಕೂಲನ್ನು ಮುಕ್ಕಾಲು ಗಂಟೆ ಮೊದಲೇ ಆರಂಭಿಸಿ ಮಕ್ಕಳು ನೇರವಾಗಿ ಆರಾಧನೆಗೆ ಬರುವಂತೆ ಮಾಡುವುದು ಸುಲಭದ ದಾರಿ.

ಅದು ಆಗದಿದ್ದರೆ ಇನ್ನೊಂದು ದಾರಿಯಿದೆ. ಕಥೋಲಿಕ ಸಭೆ 1973ರಲ್ಲಿ ಹೊರಡಿಸಿದ ಮಕ್ಕಳ ಬಲಿಪೂಜೆಯ ಮಾರ್ಗಸೂಚಿಯಲ್ಲಿ, ಮಕ್ಕಳನ್ನು ವಾಕ್ಯದ ಭಾಗಕ್ಕೆ ಮಾತ್ರ ಹತ್ತಿರದ ಬೇರೊಂದು ಸ್ಥಳಕ್ಕೆ ಕರೆದೊಯ್ದು ಅವರಿಗೆ ತಿಳಿಯುವಂತೆ ವಾಚನ ಮತ್ತು ಬೋಧನೆ ನಡೆಸಿ, ರೊಟ್ಟಿ ದ್ರಾಕ್ಷಾರಸದ ಭಾಗವಾದ ಪ್ರಸಾದವಿಧಿ ಆರಂಭವಾಗುವ ಮೊದಲು ಹಿರಿಯರ ಜೊತೆಗೆ ತಂದು ಕೂರಿಸಬಹುದೆಂದಿದೆ. ಸಿ.ಎಸ್.ಐ. ಸಭೆಗಳಲ್ಲಿಯೂ ಪ್ರಸಂಗದ, ಅಂದರೆ ಬೋಧಕರ ಉಪದೇಶದ, ಹೊತ್ತಿಗೆ ಮಾತ್ರ ಚಿಕ್ಕವರು ಹೊರಗೆ ಹೋಗಿ ಕಾಣಿಕೆಯ ಹೊತ್ತಿಗೆ ಮರಳಿ ಬರುವಂತೆ ಇದನ್ನು ಅಳವಡಿಸಿಕೊಳ್ಳಬಹುದು. ಮುಖ್ಯವಾದದ್ದು ಮರಳಿ ಬರುವುದು. ಒಮ್ಮೆ ಹೊರಗೆ ಹೋದವರು ಆಶೀರ್ವಾದದವರೆಗೂ ಹೊರಗೇ ಉಳಿದರೆ ಅದು ಹಳೆಯ ಕಥೆಯೇ.

ಕೂರುವ ಸ್ಥಳವನ್ನೂ ಯೋಚಿಸಿ. ಗದ್ದಲವಾಗದಿರಲೆಂದು ಮಕ್ಕಳ ಕುಟುಂಬಗಳನ್ನು ಹಿಂದಿನ ಬೆಂಚುಗಳಿಗೆ ಕಳುಹಿಸುವ ಪದ್ಧತಿ ಎಲ್ಲೆಡೆ ಇದೆ, ಮತ್ತು ಅದು ತಲೆಕೆಳಗಾದ ಪದ್ಧತಿ. ಹಿಂದೆ ಕುಳಿತ ಐದು ವರ್ಷದ ಮಗುವಿಗೆ ಕಾಣುವುದು ಸೀರೆಯ ಸೆರಗು ಮತ್ತು ಅಂಗಿಯ ಬೆನ್ನು ಮಾತ್ರ. ಏನೂ ಕಾಣದ ಮಗು ಗಲಾಟೆ ಮಾಡದೆ ಇನ್ನೇನು ಮಾಡೀತು? ಮುಂದಿನ ಎರಡನೆಯ ಮೂರನೆಯ ಬೆಂಚುಗಳ ಅಂಚಿನ ಸ್ಥಳಗಳನ್ನು ಚಿಕ್ಕ ಮಕ್ಕಳಿರುವ ಮನೆಯವರಿಗೆ ಬಿಟ್ಟುಕೊಡಿ. ಅಂಚಿನಲ್ಲಿದ್ದರೆ ಅಗತ್ಯ ಬಿದ್ದಾಗ ತಾಯಿ ಮಗುವನ್ನೆತ್ತಿಕೊಂಡು ಯಾರ ಮೊಣಕಾಲನ್ನೂ ದಾಟದೆ ಹೊರಗೆ ಹೋಗಿಬರಬಹುದು. ಮಗು ಅತ್ತಾಗ ಬೋಧಕರು ಮಾತು ನಿಲ್ಲಿಸಿ ಅತ್ತ ನೋಡದಿರುವುದು ಇಡೀ ಸಭೆಗೆ ಪಾಠ.

ಪ್ರಸಂಗದ ಉದ್ದದ ಬಗ್ಗೆ ಇಷ್ಟು ಮಾತ್ರ ಹೇಳುತ್ತೇನೆ: ತ್ರೋವದಲ್ಲಿ ಪೌಲನು ಮಧ್ಯರಾತ್ರಿಯವರೆಗೂ ಮಾತಾಡಿದಾಗ ನಿದ್ದೆ ತೂಗಿ ಮೂರನೆಯ ಅಂತಸ್ತಿನ ಕಿಟಕಿಯಿಂದ ಬಿದ್ದವನು ಯೂತಿಕನೆಂಬ ಯುವಕ. ಅಲ್ಲಿ ಪೌಲನಿದ್ದದ್ದರಿಂದ ಬದುಕಿಕೊಂಡ.

ಮೂರನೆಯ ಹೆಜ್ಜೆ: ಸತ್ಯವೇದದ ಪಾಠವನ್ನು ಮಕ್ಕಳ ಕೈಗೆ ಕೊಡಿ

ಎಲ್ಲಕ್ಕಿಂತ ಹೆಚ್ಚು ಶ್ರಮವನ್ನು ಇಲ್ಲಿ ಹಾಕಬೇಕು, ಫಲವೂ ಇಲ್ಲಿಯೇ ಹೆಚ್ಚು. ಒಂಬತ್ತು ಹತ್ತು ವರ್ಷದ ಮಗು ದೇವರ ವಾಕ್ಯವನ್ನು ಸ್ಪಷ್ಟವಾಗಿ ಓದಿದಾಗ ಸಭೆ ಕೇಳುವ ರೀತಿಯೇ ಬೇರೆ. ತಡವರಿಸುತ್ತಾ, ನುಂಗುತ್ತಾ ಓದಿದರೆ ಮಗುವಿಗೂ ಸಭೆಗೂ ಮುಜುಗರವಾಗಿ, ಮುಂದಿನ ತಿಂಗಳಿಂದ ದೊಡ್ಡವರೇ ಓದಲಿ ಎಂಬ ಮಾತು ಹೊರಡುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ಮಗುವಿನ ಜಾಣತನದ್ದಲ್ಲ, ವಾರದ ತಯಾರಿಯದ್ದು.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವವರು. ಕನ್ನಡ ಅವರಿಗೆ ಶಾಲೆಯಲ್ಲಿ ಎರಡನೆಯ ಅಥವಾ ಮೂರನೆಯ ಭಾಷೆ. ಅಕ್ಷರ ಗೊತ್ತು, ಓದಿನ ಓಟ ಇಲ್ಲ. ಮನೆಯಲ್ಲಿ ಆಡುವ ಕನ್ನಡಕ್ಕೂ ಸತ್ಯವೇದದ ಕನ್ನಡಕ್ಕೂ ಇರುವ ದೂರವೂ ಸಣ್ಣದಲ್ಲ. ಇದನ್ನು ಒಪ್ಪಿಕೊಂಡೇ ಕೆಲಸ ಆರಂಭಿಸಬೇಕು. ಹೊರರಾಜ್ಯಗಳಲ್ಲಿಯೂ ವಿದೇಶಗಳಲ್ಲಿಯೂ ಇರುವ ಕನ್ನಡ ಸಭೆಗಳಿಗೆ ಈ ಕಷ್ಟ ಇನ್ನೂ ಹೆಚ್ಚು.

ಪಾಠ ಯಾವುದೆಂದು ಎರಡು ವಾರ ಮೊದಲೇ, ಭಾನುವಾರಗಳ ಪಾಠಗಳ ಪಟ್ಟಿಯಿರುವ ಸಭೆಯ ಪಂಚಾಂಗ ನೋಡಿ ತಿಳಿದುಕೊಳ್ಳಿ. ಮೂರು ಪಾಠಗಳಲ್ಲಿ ಕಥೆಯಿರುವುದನ್ನು ಮಗುವಿಗೆ ಕೊಡಿ: ಬಾಲಕ ಸಮುವೇಲನನ್ನು ದೇವರು ಕರೆದದ್ದು, ಐದು ಜವೆಗೋದಿಯ ರೊಟ್ಟಿ ತಂದ ಹುಡುಗ, ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಕುಳಿತದ್ದು. ರೋಮಾಪುರದವರಿಗೆ ಬರೆದ ಪತ್ರಿಕೆಯ ಒಂದೊಂದು ವಾಕ್ಯವೂ ಐದು ಸಾಲು ಹರಿಯುವುದುಂಟು. ಅದನ್ನು ದೃಢೀಕರಣ ಮುಗಿಸಿದವರಿಗೆ ಇಟ್ಟುಕೊಳ್ಳಿ. ವಂಶಾವಳಿಗಳನ್ನು ಯಾರಿಗೂ ಕೊಡಬೇಡಿ.

ಆಯ್ಕೆಯಾದ ಪಾಠವನ್ನು ಹದಿನೆಂಟು ಅಥವಾ ಇಪ್ಪತ್ತು ಅಳತೆಯ ಅಕ್ಷರದಲ್ಲಿ ಒಂದೇ ಹಾಳೆಯ ಮೇಲೆ ಅಚ್ಚು ಮಾಡಿಸಿ, ಸಾಲುಗಳ ನಡುವೆ ಧಾರಾಳ ಜಾಗ ಬಿಡಿ. ಉಸಿರು ತೆಗೆದುಕೊಳ್ಳಬೇಕಾದ ಕಡೆಗಳಲ್ಲಿ ಪೆನ್ಸಿಲಿನಿಂದ ಓರೆಗೆರೆ ಎಳೆಯಿರಿ. ನೆಬೂಕದ್ನೆಚ್ಚರ, ಯೆಹೋಷಾಫಾಟ, ಥೆಸಲೋನಿಕ ಮೊದಲಾದ ಹೆಸರುಗಳನ್ನು ಹಾಳೆಯ ಅಂಚಿನಲ್ಲಿ ತುಂಡು ಮಾಡಿ ಬರೆಯಿರಿ: ನೆಬೂ, ಕದ್, ನೆಚ್, ಚರ. ಈ ಹಾಳೆ ಮಂಗಳವಾರದೊಳಗೆ ಮಗುವಿನ ಕೈಸೇರಬೇಕು. ಶನಿವಾರ ರಾತ್ರಿ ವಾಟ್ಸಾಪಿನಲ್ಲಿ ಅಧ್ಯಾಯದ ಸಂಖ್ಯೆ ಕಳುಹಿಸುವುದನ್ನು ತಯಾರಿ ಎನ್ನಲಾಗದು. ಕನ್ನಡ ಅಕ್ಷರ ಬಾರದ ಮಗುವಿಗೆ ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಡಬೇಕೇ ಎಂಬ ಪ್ರಶ್ನೆ ಬರುತ್ತದೆ. ಮೊದಲ ಒಂದೆರಡು ಸಲ ಕೊಡಿ, ಕೆಳಗೆ ಕನ್ನಡ ಸಾಲೂ ಇರಲಿ, ಮೂರನೆಯ ಸಲಕ್ಕೆ ಮೇಲಿನ ಸಾಲನ್ನು ತೆಗೆದುಬಿಡಿ. ಸಂಡೇ ಸ್ಕೂಲಿನ ಮೊದಲ ಹತ್ತು ನಿಮಿಷವನ್ನು ಕನ್ನಡ ಓದಿಗೇ ಮೀಸಲಿಟ್ಟ ಸಭೆಗಳಿಗೆ ಈ ಊರುಗೋಲು ಹೆಚ್ಚು ದಿನ ಬೇಕಾಗುವುದಿಲ್ಲ.

ಗುರುವಾರದ ಹೊತ್ತಿಗೆ ಮಗು ಮನೆಯಲ್ಲಿ ಯಾರಾದರೊಬ್ಬರಿಗೆ ಓದಿ ಹೇಳಲಿ. ಅಜ್ಜಿಯಿದ್ದರೆ ಅಜ್ಜಿಗೇ ಓದಲಿ. ಹಳೆಯ ಸತ್ಯವೇದವನ್ನು ಜೀವನವಿಡೀ ಓದಿದವರು ಎಲ್ಲಿ ದನಿ ಏರಬೇಕು, ಎಲ್ಲಿ ಇಳಿಯಬೇಕೆಂದು ಹೇಳಿಕೊಡುವಷ್ಟು ಚೆನ್ನಾಗಿ ಯಾವ ಶಿಕ್ಷಕರೂ ಹೇಳಿಕೊಡಲಾರರು. ಶನಿವಾರ ಸಂಜೆ ಅಥವಾ ಭಾನುವಾರ ಬೆಳಿಗ್ಗೆ ಬೇಗನೆ, ಖಾಲಿ ದೇವಾಲಯದಲ್ಲಿ, ಮೈಕಿನ ಮುಂದೆ ಒಮ್ಮೆ ಓದಿಸಿ. ಮೈಕಿನ ಕೋಲನ್ನು ಮಗುವಿನ ಎತ್ತರಕ್ಕೆ ಇಳಿಸುವುದು ಯಾರ ಕೆಲಸವೆಂದು ಮೊದಲೇ ಗೊತ್ತುಮಾಡಿ, ವಾಚನಪೀಠ ಎತ್ತರವಿದ್ದರೆ ಗಟ್ಟಿಯಾದ ಮಣೆಯೊಂದನ್ನು ಮಾಡಿಸಿಡಿ. ಶಿಕ್ಷಕರು ಕೊನೆಯ ಬೆಂಚಿನಲ್ಲಿ ಕುಳಿತು ಒಂದೊಂದು ಪದವೂ ಕೇಳುತ್ತಿದೆಯೇ ನೋಡಬೇಕು. ಪಾಠ ಯಾವ ಪುಸ್ತಕದ್ದೆಂದು ಹೇಳಿದ ಮೇಲೆ ಮನಸ್ಸಿನಲ್ಲೇ ಮೂರೆಣಿಸಿ ಓದಲು ಆರಂಭಿಸುವುದನ್ನೂ, ಮುಗಿದ ಮೇಲೆ ಓಡದೆ ಸಾವಕಾಶವಾಗಿ ಬಂದು ಕೂರುವುದನ್ನೂ ಅಲ್ಲಿಯೇ ಅಭ್ಯಾಸ ಮಾಡಿಸಿ. ಓದು ಮುಗಿದಾಗ ಚಪ್ಪಾಳೆ ಬೇಡವೆಂದು ಸಭೆಗೂ ಒಮ್ಮೆ ತಿಳಿಹೇಳಬೇಕು. ಸಭೆಯ ಕಾರ್ಯದರ್ಶಿ ಓದಿದಾಗ ನಾವು ಚಪ್ಪಾಳೆ ತಟ್ಟುತ್ತೇವೆಯೇ?

ನಾಲ್ಕನೆಯ ಹೆಜ್ಜೆ: ಪ್ರಾರ್ಥನೆ ಅವರದೇ ಆಗಿರಲಿ

ವಿಜ್ಞಾಪನೆಯ ಪ್ರಾರ್ಥನೆಯನ್ನು ಮಕ್ಕಳಿಗೆ ಕೊಟ್ಟಾಗ ದೊಡ್ಡವರು ಬರೆದುಕೊಟ್ಟದ್ದನ್ನು ಅವರು ಓದುವುದೇ ರೂಢಿ. ಅದರಲ್ಲಿ ರಾಷ್ಟ್ರಪತಿಗಳು, ಬಿಷಪ್ಪರು, ಸಭಾಪಾಲನಾ ಸಮಿತಿ ಎಲ್ಲರೂ ಬರುತ್ತಾರೆ, ಮಗುವಿನ ಲೋಕ ಮಾತ್ರ ಬರುವುದಿಲ್ಲ. ಇದರ ಬದಲು ಸಂಡೇ ಸ್ಕೂಲಿನಲ್ಲಿ ಚೀಟಿಗಳನ್ನು ಹಂಚಿ, ಈ ವಾರ ಯಾರಿಗಾಗಿ ಪ್ರಾರ್ಥಿಸಬೇಕು ಮತ್ತು ಏಕೆ ಎಂದು ಒಂದು ವಾಕ್ಯ ಬರೆಯಲು ಹೇಳಿ. ಶಾಲಾ ವಾಹನದ ಚಾಲಕರು, ಮನೆಗೆಲಸಕ್ಕೆ ಬರುವ ಅಕ್ಕನ ಮಗು, ಮಳೆಯಿಲ್ಲದೆ ಒಣಗಿದ ತಾತನ ಹೊಲ, ತರಗತಿಯಲ್ಲಿ ಯಾರೂ ಜೊತೆಗೆ ಕೂರಿಸಿಕೊಳ್ಳದ ಹುಡುಗ, ಹೀಗೆ ಹೆಸರುಗಳು ಬರುತ್ತವೆ. ಶಿಕ್ಷಕರು ಇವನ್ನು ಜೋಡಿಸಿ, ಭಾಷೆಯನ್ನು ತಿದ್ದುವ ಆಸೆಯನ್ನು ಆದಷ್ಟು ತಡೆದುಕೊಂಡು, ಮೂವರು ಮಕ್ಕಳಿಗೆ ಹಂಚಬೇಕು. ಪ್ರತಿ ಬಿನ್ನಹದ ನಂತರ ಸಭೆಯವರು ಹೇಳುವ ಪ್ರತ್ಯುತ್ತರ ಮಾಮೂಲಿನದೇ ಇರಲಿ.

ಒಂದು ಎಚ್ಚರಿಕೆ ಬೇಕು. ಅಪ್ಪ ಕುಡಿಯುವುದನ್ನು ನಿಲ್ಲಿಸಲಿ ಎಂದು ಮಗು ಬರೆದರೆ ಅದನ್ನು ಮೈಕಿನಲ್ಲಿ ಓದಿಸಬಾರದು; ಆ ಚೀಟಿಯನ್ನು ಯಾರಿಗೂ ತೋರಿಸದೆ ಸಭಾಪಾಲಕರಿಗೆ ತಲುಪಿಸಿ, ಶಿಕ್ಷಕರು ಮಗುವಿನ ಜೊತೆ ಬೇರೆಯಾಗಿ ಮಾತನಾಡಬೇಕು. ಮೈಕಿಗೆ ಬರುವ ಮೊದಲು ಎಲ್ಲ ಚೀಟಿಗಳನ್ನೂ ಒಬ್ಬ ಜವಾಬ್ದಾರಿಯುತ ಹಿರಿಯರು ಓದಿರಬೇಕೆಂಬ ನಿಯಮ ಇದಕ್ಕಾಗಿಯೇ.

ಓದು ಬಾರದವರಿಗೆ ಏನು?

ಮೂರು ನಾಲ್ಕು ವರ್ಷದವರಿಗೂ ಪಾಲಿದೆ. ಕೀರ್ತನೆ 136ರ 26 ವಚನಗಳಲ್ಲಿ ಪ್ರತಿಯೊಂದರ ಕೊನೆಗೂ ದೇವರ ಕೃಪೆ ಶಾಶ್ವತವೆಂಬ ಒಂದೇ ಮಾತು ಬರುತ್ತದೆ. ಮೊದಲರ್ಧವನ್ನು ಒಬ್ಬರು ಓದಿ ಎರಡನೆಯ ಅರ್ಧವನ್ನು ಎಲ್ಲರೂ ಹೇಳುವಂತೆ ಮಾಡಿದರೆ ಐದನೆಯ ವಚನದ ಹೊತ್ತಿಗೆ ಅಕ್ಷರವನ್ನೇ ಅರಿಯದ ಮಗುವೂ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿರುತ್ತದೆ. ಕರ್ತನ ಪ್ರಾರ್ಥನೆಯನ್ನು ಸಂಡೇ ಸ್ಕೂಲಿನಲ್ಲಿ ಕಲಿಸುವಾಗ ಆರಾಧನೆಯಲ್ಲಿ ಹೇಳುವ ಪಾಠವನ್ನೇ, ಅದೇ ನಿಲುಗಡೆಗಳೊಂದಿಗೆ ಕಲಿಸಿ. ಒಂದೆರಡು ಪದ ಬೇರೆಯಾದರೂ ಮಗು ನಡುವೆ ದಾರಿತಪ್ಪಿ ಸುಮ್ಮನಾಗುತ್ತದೆ.

ಸಮಾಧಾನವನ್ನು ಹಂಚಿಕೊಳ್ಳುವ ಕ್ರಮವಂತೂ ಮಕ್ಕಳಿಗೆಂದೇ ಇರುವಂತಿದೆ. ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ತಾಗುತ್ತದೆ, ಇಬ್ಬರೂ ತಮ್ಮ ಎಡಗೈಯನ್ನು ಇನ್ನೊಬ್ಬರ ಬಲಗೈಯ ಮೇಲೆ ಮುಚ್ಚುತ್ತಾರೆ, ಮತ್ತು ಅದು ಬೋಧಕರಿಂದ ಆರಂಭವಾಗಿ ಸಾಲಿನಿಂದ ಸಾಲಿಗೆ ದಾಟುತ್ತದೆ. ಈಗ ಹಲವು ಸಭೆಗಳಲ್ಲಿ ಇದು ದೂರದಿಂದಲೇ ಕೈಮುಗಿಯುವುದಕ್ಕೆ ಇಳಿದಿದೆ. ಇದನ್ನು ಸಂಡೇ ಸ್ಕೂಲಿನಲ್ಲಿ ಒಂದು ವಾರ ಕಲಿಸಿ, ಮುಂದಿನ ಭಾನುವಾರ ಬೋಧಕರು ಮೊದಲು ಇಬ್ಬರು ಮಕ್ಕಳಿಗೆ ಕೊಟ್ಟು, ಅವರು ಎರಡೂ ಬದಿಯ ಸಾಲುಗಳಿಗೆ ಒಯ್ಯುವಂತೆ ಏರ್ಪಾಡು ಮಾಡಿ. ಮಗುವಿನ ಪುಟ್ಟ ಕೈಯನ್ನು ಎರಡೂ ಕೈಗಳಲ್ಲಿ ಹಿಡಿಯಲು ಬಗ್ಗಬೇಕಾದ ಹಿರಿಯರಿಗೆ ಯಾವ ವಿವರಣೆಯೂ ಬೇಕಾಗುವುದಿಲ್ಲ.

ಸುಗ್ಗಿ ಹಬ್ಬದಲ್ಲಿ, ಅಂದರೆ ಕೆಲವೆಡೆ ಬೆಳೆ ಹಬ್ಬವೆನ್ನುವ ದಿನ, ಮಕ್ಕಳು ತಮ್ಮ ಕೈಯಾರೆ ಬೆಳೆದದ್ದನ್ನು ತರಲಿ. ಡಬ್ಬಿಯಲ್ಲಿ ಬೆಳೆಸಿದ ಒಂದು ಹಿಡಿ ಮೆಂತ್ಯೆ ಸೊಪ್ಪಾದರೂ ಸಾಕು. ಕರಾವಳಿಯ ಕಥೋಲಿಕರ ಮೊಂತಿ ಫೆಸ್ತನ್ನು, ಅಂದರೆ ಮರಿಯಳ ಜನನದ ಹಬ್ಬವನ್ನು, ನೋಡಿದವರಿಗೆ ಇದರ ಶಕ್ತಿ ಗೊತ್ತು. ಸೆಪ್ಟೆಂಬರ್ 8ಕ್ಕೆ ಮುಂಚಿನ ನೊವೆನಾ ಎಂಬ ಒಂಬತ್ತು ದಿನದ ಪ್ರಾರ್ಥನೆಯಲ್ಲಿ ಮಕ್ಕಳು ತಟ್ಟೆಗಳಲ್ಲಿ, ಬುಟ್ಟಿಗಳಲ್ಲಿ ಹೂ ತಂದು ಬಾಲ ಮರಿಯಳಿಗೆ ಅರ್ಪಿಸುತ್ತಾರೆ. ಮಳೆಗಾಲದ ಬೇಲಿಯಲ್ಲಿ ಹೂ ಹುಡುಕುವುದರಿಂದಲೇ ಅವರ ಆರಾಧನೆ ಆರಂಭವಾಗಿರುತ್ತದೆ. ಅದನ್ನು ಯಾರೂ ಮಕ್ಕಳ ಕಾರ್ಯಕ್ರಮವೆನ್ನುವುದಿಲ್ಲ. ಮಕ್ಕಳಿಲ್ಲದೆ ಹಬ್ಬವೇ ಇಲ್ಲ.

ಹಾಡು ಮತ್ತು ಶ್ರುತಿ

1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮಂಗಳೂರಿಗೆ ಬಂದಂದಿನಿಂದ ಜರ್ಮನ್ ರಾಗದ ಸಂಗೀತಗಳು, ಅಂದರೆ ಸಭೆಯ ಹಾಡುಗಳು, ನಮ್ಮವಾಗಿವೆ. ಅವು ಮಕ್ಕಳಿಗೆ ಹಿಡಿಸುವುದಿಲ್ಲವೆಂಬುದು ಸುಳ್ಳು. ಹಿಡಿಸದಿರುವುದು ನಾವು ಅವನ್ನು ಎಳೆಯುವ ವೇಗ ಮತ್ತು ಗಂಡಸರ ಗಂಟಲಿಗೆ ಹೊಂದಿಸಿದ ಶ್ರುತಿ. ಮಕ್ಕಳ ದನಿ ಆರಾಮವಾಗಿ ನಿಲ್ಲುವುದು ಕೀಬೋರ್ಡಿನ ನಡುವಿನ ಸಿ ಸ್ವರದಿಂದ ಅದರ ಮೇಲಿನ ಸಿ ಅಥವಾ ಡಿ ತನಕ. ಅದಕ್ಕಿಂತ ತಗ್ಗಿಸಿದರೆ ಅವರು ಗೊಣಗುತ್ತಾರೆ, ಏರಿಸಿದರೆ ಕಿರುಚುತ್ತಾರೆ. ಕೀಬೋರ್ಡ್ ನುಡಿಸುವವರು ಶ್ರುತಿ ಬದಲಿಸುವ ಗುಂಡಿಯನ್ನು ಒತ್ತಿದರೆ ಮುಗಿಯುವ ಕೆಲಸವಿದು.

ಪ್ರತಿ ತಿಂಗಳು ಒಂದು ಹಳೆಯ ಸಂಗೀತವನ್ನು ಗೊತ್ತುಮಾಡಿ, ಸಂಡೇ ಸ್ಕೂಲ್, ಯುವಜನ ಸಂಘ, ಸ್ತ್ರೀಯರ ಕೂಟ ಎಲ್ಲರೂ ಅದನ್ನೇ ಕಲಿತು ತಿಂಗಳ ಕೊನೆಯ ಭಾನುವಾರ ಸಭೆಯ ಜೊತೆ ಹಾಡಲಿ. ಮಕ್ಕಳಿಗೆ ಬೇರೆ ಹಾಡು, ಯುವಕರಿಗೆ ಬೇರೆ ಹಾಡು, ಹಿರಿಯರಿಗೆ ಬೇರೆ ಹಾಡು ಎಂದು ಹಂಚಿಬಿಟ್ಟರೆ ಹತ್ತು ವರ್ಷದಲ್ಲಿ ಎಲ್ಲರೂ ಕೂಡಿ ಹಾಡಬಲ್ಲ ಒಂದು ಹಾಡೂ ಉಳಿಯುವುದಿಲ್ಲ. ಕೈತಾಳ, ಕಂಜರ, ತಬಲ ಇವುಗಳನ್ನು ಹುಡುಗರಿಗೆ ಕೊಡಿ. ಆದರೆ ಅಭ್ಯಾಸಕ್ಕೆ ಬಾರದವರು ಭಾನುವಾರ ನುಡಿಸುವಂತಿಲ್ಲವೆಂಬ ನಿಯಮವನ್ನು ಸಭಾಪಾಲಕರ ಮಗನಿಗೂ ಸಡಿಲಿಸಬೇಡಿ.

ಐದನೆಯ ಹೆಜ್ಜೆ: ಯುವಜನರಿಗೆ ಹೊರೆಯಲ್ಲ, ಹೊಣೆ ಕೊಡಿ

ಹದಿನೈದು ದಾಟಿದವರನ್ನು ನಾವು ಕರೆಯುವುದು ಕುರ್ಚಿ ಎತ್ತಲು, ಪೆಂಡಾಲಿಗೆ ದೀಪದ ಸರ ಕಟ್ಟಲು, ಪ್ರೊಜೆಕ್ಟರಿನ ಮುಂದೆ ಕೂರಲು. ಪರದೆಯ ಮೇಲೆ ಹಾಡಿನ ಸಾಲು ಬದಲಿಸುತ್ತಿರುವ ಹುಡುಗಿ ಆರಾಧನೆಯುದ್ದಕ್ಕೂ ಕಂಪ್ಯೂಟರನ್ನು ನೋಡುತ್ತಿರುತ್ತಾಳೆಯೇ ಹೊರತು ಒಂದು ಹಾಡನ್ನೂ ಹಾಡಿರುವುದಿಲ್ಲ. ಇಂಥ ಕೆಲಸಗಳು ಸರದಿಯಲ್ಲಿ ನಡೆಯಲಿ, ದೊಡ್ಡವರೂ ಸರದಿಯಲ್ಲಿರಲಿ.

ತಿಂಗಳಿಗೊಂದು ಆರಾಧನೆಯನ್ನು ಯೋಜಿಸುವ ತಂಡದಲ್ಲಿ ಇಬ್ಬರು ಯುವಜನರಿರಲಿ. ಹಾಡುಗಳ ಆಯ್ಕೆ, ಪ್ರಾರ್ಥನೆಯ ವಿಷಯ, ಪಾಠಗಳ ನಡುವಿನ ಮೌನ, ಇವುಗಳ ಬಗ್ಗೆ ಅವರ ಮಾತಿಗೆ ತೂಕವಿದೆಯೆಂದು ಒಮ್ಮೆಯಾದರೂ ಕಾಣಿಸಬೇಕು. ಅಂದರೆ ಅವರು ಹೇಳಿದ್ದರಲ್ಲಿ ಏನಾದರೊಂದು ಆಗಲೇಬೇಕು. ಪ್ರಸಂಗಕ್ಕೆ ನೆರವಾಗಲೂ ಅವರನ್ನು ಕರೆಯಬಹುದು: ಬುಧವಾರ ಸಂಜೆ ಸಭಾಪಾಲಕರು ಮೂರ್ನಾಲ್ಕು ಯುವಜನರೊಡನೆ ಭಾನುವಾರದ ಪಾಠವನ್ನು ಓದಿ, ಇದರಲ್ಲಿ ನಿಮಗೆ ಅರ್ಥವಾಗದ್ದೇನು, ಒಪ್ಪಲಾಗದ್ದೇನು ಎಂದು ಕೇಳಿ ಬರೆದುಕೊಂಡರೆ, ಪ್ರಸಂಗವನ್ನು ಎಲ್ಲಿಂದ ಆರಂಭಿಸಬೇಕೆಂಬುದು ಅವರಿಗೆ ಸಿಕ್ಕಿರುತ್ತದೆ. ನಡುವೆ ಐದು ನಿಮಿಷದ ಮಕ್ಕಳ ಮಾತು ಎಂಬುದನ್ನು ಇಟ್ಟುಕೊಂಡಿರುವ ಸಭೆಗಳಿವೆ. ಮಗುವಿಗೆ ಪ್ರಶ್ನೆ ಕೇಳಿ, ಅದರ ಉತ್ತರಕ್ಕೆ ಹಿರಿಯರು ನಗುವಂತಾದರೆ ಅದನ್ನು ನಿಲ್ಲಿಸಿಬಿಡುವುದೇ ಲೇಸು.

ಪರೀಕ್ಷೆಯ ಕಾಲವನ್ನು ಮರೆಯಬೇಡಿ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಪರೀಕ್ಷೆಗಳು ಸಾಮಾನ್ಯವಾಗಿ ಈಸ್ಟರಿಗೆ ಮುಂಚಿನ, ಯೇಸುವಿನ ಶ್ರಮಮರಣ ಸ್ಮರಣೆಯ ದಿನಗಳ ಜೊತೆಗೇ ಬರುತ್ತವೆ. ಶುಭ ಶುಕ್ರವಾರದಂದು ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನಕ್ಕೆ ಹತ್ತನೆಯ ತರಗತಿಯವರನ್ನು ಹಾಕಿ, ಅವರು ಬಾರದಾಗ ಬೇಸರಪಡುವುದರಲ್ಲಿ ಅರ್ಥವಿಲ್ಲ. ಆ ಎರಡು ತಿಂಗಳು ಎಂಟು ಒಂಬತ್ತನೆಯವರೂ ಪದವಿ ಓದುತ್ತಿರುವವರೂ ಮುಂದೆ ಬರಲಿ. ಓದಿಗಾಗಿ ಬೀದರ್, ರಾಯಚೂರು, ಗದಗಗಳಿಂದ ಬೆಂಗಳೂರಿನ ಹಾಸ್ಟೆಲ್ಲುಗಳಿಗೆ ಬಂದಿರುವ ಯುವಜನರು ಇನ್ನೊಂದು ಗುಂಪು. ಊರಿನ ಸಭಾಪಾಲಕರು ಇಲ್ಲಿನ ಸಭಾಪಾಲಕರಿಗೆ ಒಂದು ಫೋನ್ ಮಾಡಿದರೆ, ಬಂದ ಮೊದಲ ತಿಂಗಳಲ್ಲೇ ಅವರಿಗೊಂದು ಪಾಠ ಓದುವ ಸರದಿ ಸಿಕ್ಕಿದರೆ, ಅವರು ಆ ಸಭೆಯವರೇ ಆಗುತ್ತಾರೆ. ಆರು ತಿಂಗಳು ಯಾರೂ ಹೆಸರು ಕೇಳದಿದ್ದರೆ ಮತ್ತೆ ಸಿಗುವುದಿಲ್ಲ.

ಪ್ರಭುಭೋಜನದ ವಿಷಯ

ದೀಕ್ಷಾಸ್ನಾನವಾದ ಮಕ್ಕಳು ದೃಢೀಕರಣಕ್ಕೆ ಮುಂಚೆ ಪ್ರಭುಭೋಜನ ಪಡೆಯಬಹುದೇ ಎಂಬುದನ್ನು ಆಯಾ ಸಭೆಯ ಮತ್ತು ಧರ್ಮಪ್ರಾಂತ್ಯದ ನಿಯಮದಂತೆಯೇ ನಡೆಸಬೇಕು. ಕಥೋಲಿಕರಲ್ಲಿ 1910ರಿಂದ ಸುಮಾರು ಏಳು ವರ್ಷಕ್ಕೆ, ವಿವೇಕ ಮೂಡುವ ವಯಸ್ಸಿಗೆ, ಮೊದಲ ಪರಮ ಪ್ರಸಾದ ನೀಡುವ ಕ್ರಮವಿದೆ. ನಿಮ್ಮ ನಿಯಮ ಏನೇ ಇರಲಿ, ಮಕ್ಕಳು ತಂದೆತಾಯಿಗಳ ಜೊತೆಗೆ ಮುಂದೆ ಬಂದು ಮೊಣಕಾಲೂರಲಿ. ರೊಟ್ಟಿ ದ್ರಾಕ್ಷಾರಸ ಇಲ್ಲದಿದ್ದರೆ ತಲೆಯ ಮೇಲೆ ಕೈಯಿಟ್ಟು, ಹೆಸರು ಹಿಡಿದು ಆಶೀರ್ವದಿಸಿರಿ. ಹೆಸರು ಹಿಡಿಯಬೇಕಾದರೆ ಬೋಧಕರಿಗೆ ಹೆಸರು ಗೊತ್ತಿರಬೇಕು. ಇದು ಹೇಳುವಷ್ಟು ಸಣ್ಣ ಸಂಗತಿಯಲ್ಲ.

ಸುರಕ್ಷತೆ: ಇದರಲ್ಲಿ ರಾಜಿಯಿಲ್ಲ

ಮಕ್ಕಳನ್ನು ಅಭ್ಯಾಸಕ್ಕೆ ಕರೆಸುವ ಪ್ರತಿಯೊಂದು ಸಭೆಯೂ ಲಿಖಿತ ನಿಯಮಗಳನ್ನು ಗೋಡೆಗೆ ಹಾಕಬೇಕು. ಎಲ್ಲ ಅಭ್ಯಾಸಗಳಲ್ಲಿಯೂ ಕನಿಷ್ಠ ಇಬ್ಬರು ವಯಸ್ಕರಿರಬೇಕು, ಬಾಗಿಲು ತೆರೆದಿರಬೇಕು, ಯಾವ ಶಿಕ್ಷಕರೂ ಒಂದೇ ಮಗುವನ್ನು ಒಂಟಿಯಾಗಿ ವಾಹನದಲ್ಲಿ ಕರೆದೊಯ್ಯಬಾರದು, ಅಭ್ಯಾಸ ಮುಗಿಯುವ ಗಂಟೆ ಪಾಲಕರಿಗೆ ಮೊದಲೇ ತಿಳಿದಿರಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಂತೆ 18 ವರ್ಷದೊಳಗಿನ ಎಲ್ಲರೂ ಮಕ್ಕಳು, ಮತ್ತು ಲೈಂಗಿಕ ಅಪರಾಧ ನಡೆದದ್ದು ತಿಳಿದಾಗ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕಾನೂನುಬದ್ಧ ಕರ್ತವ್ಯ, ತಿಳಿಸದಿರುವುದೇ ಶಿಕ್ಷಾರ್ಹ. ಸಭೆಯ ಮಾನ ಹೋಗುತ್ತದೆಂದು ಸಮಿತಿಯೊಳಗೇ ಮುಗಿಸುವ ಅಧಿಕಾರ ಯಾರಿಗೂ ಇಲ್ಲ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆ ಸಂಡೇ ಸ್ಕೂಲ್ ಕೋಣೆಯಲ್ಲಿ ಮಕ್ಕಳ ಕಣ್ಣಿನ ಎತ್ತರದಲ್ಲಿ ಕಾಣುವಂತಿರಲಿ. ಆರಾಧನೆಯನ್ನು ಯೂಟ್ಯೂಬಿನಲ್ಲಿ ನೇರವಾಗಿ ಬಿತ್ತರಿಸುವವರು ಮಕ್ಕಳ ಮುಖ ತೋರಿಸಲು ಪಾಲಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿರಬೇಕು.

ಆರಂಭ ಯಾವಾಗ?

ಬಹಳ ಸಭೆಗಳು ಇಂಥ ಪ್ರಯತ್ನವನ್ನು ಡಿಸೆಂಬರಿನಲ್ಲಿ ಆರಂಭಿಸುತ್ತವೆ. ಕ್ರಿಸ್ಮಸ್ ನಾಟಕ, ಕ್ಯಾರಲ್ ಸುತ್ತಾಟ, ಶಾಲೆಯ ಪರೀಕ್ಷೆಗಳ ನಡುವೆ ಅದು ಪ್ರದರ್ಶನವಾಗಿಯೇ ಮುಗಿಯುತ್ತದೆ. ನನ್ನ ಸಲಹೆ ಜೂನ್ ತಿಂಗಳು. ಶಾಲೆಗಳು ಆಗಷ್ಟೇ ತೆರೆದಿರುತ್ತವೆ, ಪರೀಕ್ಷೆ ದೂರವಿರುತ್ತದೆ, ಈಸ್ಟರಿನಿಂದ ಐವತ್ತನೆಯ ದಿನದ ಹಬ್ಬವಾದ ಪಂಚಾಶತ್ತಮದ ನಂತರದ ಭಾನುವಾರಗಳು ಯಾವ ದೊಡ್ಡ ಹಬ್ಬದ ಗಡಿಬಿಡಿಯೂ ಇಲ್ಲದೆ ಉದ್ದಕ್ಕೂ ಸಾಲುಗಟ್ಟಿರುತ್ತವೆ. ಮೊದಲ ತಿಂಗಳು ಸಮಾಧಾನ ದಾಟಿಸುವುದು ಮತ್ತು ಒಂದು ಪಾಠ, ಎರಡನೆಯ ತಿಂಗಳು ಪ್ರಾರ್ಥನೆಯ ಚೀಟಿಗಳು, ಮೂರನೆಯ ತಿಂಗಳು ಯುವಜನರೊಡನೆ ಯೋಜಿಸಿದ ಒಂದು ಆರಾಧನೆ, ಇಷ್ಟಕ್ಕೇ ನಿಲ್ಲಿಸಿ.

ಆಗಸ್ಟ್ ಕೊನೆಯಲ್ಲಿ ಮೊದಲ ಸಂಜೆ ಕೂತ ಗುಂಪು ಮತ್ತೆ ಕೂರಲಿ, ಈ ಸಲ ಇಬ್ಬರು ಮಕ್ಕಳನ್ನೂ ಕರೆದುಕೊಳ್ಳಲಿ. ಯಾರ ಸರದಿ ಎರಡು ಸಲ ಬಂತು, ಯಾರದು ಬಂದೇ ಇಲ್ಲ, ಸಭಾಪಾಲನಾ ಸಮಿತಿಯವರ ಮಕ್ಕಳೇ ಹೆಚ್ಚು ಬಂದರೇ, ತೊದಲುವ ಹುಡುಗನಿಗೆ, ಗಾಲಿಕುರ್ಚಿಯಲ್ಲಿ ಬರುವ ಹುಡುಗಿಗೆ ಏನು ಕೊಟ್ಟೆವು ಎಂದು ನೋಂದಣಿ ಪುಸ್ತಕ ನೋಡಿ ಲೆಕ್ಕ ಹಾಕಿ. ಬರಲೊಲ್ಲೆನೆಂದ ಮಗುವನ್ನು ಒತ್ತಾಯಿಸದೆ, ಮುಂದಿನ ಸರದಿಗೆ ಮತ್ತೊಮ್ಮೆ ಕೇಳಬೇಕೆಂದು ಅದರ ಹೆಸರಿನ ಮುಂದೆ ಗುರುತು ಹಾಕಿಡಿ. ಸೆಪ್ಟೆಂಬರಿನ ಪಟ್ಟಿಯನ್ನು ಅಂದೇ ಬರೆದು, ಮೊದಲ ಪಾಠದ ಹಾಳೆಯನ್ನು ಅಂದೇ ಅಚ್ಚಿಗೆ ಕೊಡಿ.